ಮೊಲಕ್ಕೇನು ಗೊತ್ತು ಎಮ್ಮೆ ಯಾವುದು?

ಧಾರವಾಡದಲ್ಲಿ ಎಂಎಸ್ಸಿ ಓದುವಾಗ ಲ್ಯಾಬೊಂದರಲ್ಲಿ ನನಗೆ ಸಿಕ್ಕ ಕೆಲಸ ಮೊಲ ಹಿಡ್ಕೊಳ್ಳೋದು. ಅದಕ್ಕೆ ಆಕಳ ಸೀರಮ್ ಚುಚ್ಚುತ್ತಿದ್ದರು, ವಾರಗಟ್ಟಲೆ. ಮೊಲದ ಮೈ ಆ ಪರಕೀಯ ಪ್ರೋಟೀನಿನ ವಿರುದ್ಧ ಪ್ರತಿಕಾಯ ತಯಾರಿಸಿದ ಮೇಲೆ ಕಿವಿಯಿಂದ ರಕ್ತ ತೆಗೀತಿದ್ರು. ಕಡೇ ದಿನ ಸೀದಾ ಹೃದಯದಿಂದ. ಕೈಯಲ್ಲಿ ಅದರ ಎದೆಬಡಿತ ನಿಂತದ್ದು ಇನ್ನೂ ನೆನಪಿದೆ. ಉಳಿದದ್ದು ಒಂದಿಷ್ಟು ಆಂಟಿಸೀರಮ್. ಯಾವುದೋ ರಕ್ತದ ಕಲೆಯನ್ನು ನೆನೆಸಿದ ನೀರು ಅದಕ್ಕೆ ತಾಗಿದಲ್ಲಿ ಬಿಳಿ ಉಂಗುರ ಮೂಡಿದ್ರೆ, ಅದು ಆಕಳದ್ದು.

1901ರಲ್ಲಿ ಜರ್ಮನಿಯ ಪೌಲ್ ಉಹ್ಲೆನ್‌ಹುಟ್ ಇದನ್ನು ಕಂಡುಹಿಡಿದಾಗ ದೊಡ್ಡ ಮಾತೇ. ಮಕ್ಕಳನ್ನು ಕೊಂದ ಲುಡ್ವಿಗ್ ಟೆಸ್ನೋ ಎಂಬ ಬಡಿಗ, ಬಟ್ಟೆ ಮೇಲಿನ ಕಲೆ ಕಟ್ಟಿಗೆಯ ಬಣ್ಣ ಅಂದಿದ್ದ. ಈ ಪರೀಕ್ಷೆ ಅವನ ಸುಳ್ಳು ಹಿಡೀತು. ಆವಾಗ ಬೇರೆ ದಾರಿ ಇರಲಿಲ್ಲ. ಈಗ?

ನನ್ನ ತಕರಾರು ಬರೀ ಮೊಲದ್ದಲ್ಲ. ಹತ್ತಿರದ ಸಂಬಂಧಿ ಪ್ರಾಣಿಗಳನ್ನು ಆಂಟಿಸೀರಮ್ ಬಿಡಿಸಿ ಹೇಳೋದು ಕಷ್ಟ. ಆಕಳಿಗೆಂದು ತಯಾರಾದದ್ದು ಎಮ್ಮೆಗೂ ಉಂಗುರ ಕೊಡಬಹುದು. ನಮ್ಮ ರಾಜ್ಯದಲ್ಲಿ ಆ ವ್ಯತ್ಯಾಸದ ಬೆಲೆ ಗೊತ್ತಲ್ಲ? 2020ರ ಕಾಯ್ದೆ ಪ್ರಕಾರ ಆಕಳು ಕಡಿದವನಿಗೆ 3ರಿಂದ 7 ವರ್ಷ ಜೈಲು. 13 ವರ್ಷ ದಾಟಿದ ಎಮ್ಮೆಗೆ ಅನುಮತಿ ಪಡೀಬಹುದು. (ಕಾಯ್ದೆ ಸರಿಯೋ ತಪ್ಪೋ, ಆ ಜಗಳ ಇನ್ನೊಮ್ಮೆ.) ಒಬ್ಬನ ಏಳು ವರ್ಷವನ್ನು ಒಂದು ಮಸುಕು ಉಂಗುರದ ಮೇಲೆ ಹೆಂಗ ಇಡ್ತೀರಿ?

ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಸೈಟೊಕ್ರೋಮ್ ಬಿ ಜೀನ್ ಓದಿ ಪ್ರಾಣಿ ಯಾವುದೆಂದು ಹೇಳುವ ವಿಧಾನವನ್ನು ಇಪ್ಪತ್ತು ವರ್ಷದ ಹಿಂದೆಯೇ ತೋರಿಸಿದ್ದಾರೆ. ಬೇಯಿಸಿದ ಮಾಂಸದ ಚೂರಾದ್ರೂ ಎಷ್ಟೋ ಸಲ ಸಾಕು.

ಹುಬ್ಬಳ್ಳಿಯ ಗೆಳೆಯ ಅಂತಾನ, "ದೋಸ್ತ, ಡಿಎನ್‌ಎಗೆ ಮಷಿನ್ ಬೇಕು, ರೊಕ್ಕ ಬೇಕು. ಆಂಟಿಸೀರಮ್ ಲಗೂನ ಹೇಳತೈತಿ." ಹೌದು, ಮನುಷ್ಯನ ರಕ್ತವೋ ಅಲ್ಲವೋ ಅಂತ ಮೊದಲ ಜರಡಿ ಹಿಡಿಯೋಕೆ ಪ್ರತಿಕಾಯ ಬೇಕೇನೋ. ಅದನ್ನೂ ಈಗ ಪ್ರಾಣಿಯಿಲ್ಲದೆ ಮಾಡಬಹುದು. ವೈರಸ್ಸಿನ ಮೈಮೇಲೆ ಪ್ರತಿಕಾಯ ಮೂಡಿಸಿ ಬೇಕಾದ್ದನ್ನು ಆರಿಸುವ ಫೇಜ್ ಡಿಸ್‌ಪ್ಲೇಗೆ 2018ರ ನೊಬೆಲೇ ಬಂದಿದೆ.

ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಅಲ್ಲಿ ಕಲಿಯೋ ಹುಡುಗರ ಕೈಗೆ ಪಿಪೆಟ್ ಕೊಡ್ರಿ, ಮೊಲ ಬೇಡ. ಆಕಳೋ ಎಮ್ಮೆಯೋ ಅನ್ನೋ ಕೇಸಿನಲ್ಲಿ ಡಿಎನ್‌ಎ ಇಲ್ಲದ ವರದಿಗೆ ಸಹಿ ಹಾಕಬ್ಯಾಡ್ರಿ ಅಂತ ಮೊದಲನೇ ಕ್ಲಾಸಿನಲ್ಲೇ ಹೇಳ್ರಿ.