ಕೊರಿಯನ್ ಮೇಜಿಗೆ ಅಜ್ಜಿಯೂ ಬರಲಿ

ಶನಿವಾರ ರಾತ್ರಿ ಎಂಟೂವರೆ. ಬೆಂಗಳೂರಿನ ಒಂದು ಕೊರಿಯನ್ ಹೋಟೆಲಿನ ಮೂಲೆಯ ಮೇಜಿಗೆ ಒಂದೇ ಮನೆಯ ಐವರು ಬಂದು ಕೂತಿದ್ದಾರೆ. ಆರ್ಡರ್ ಕೊಟ್ಟು ಐದು ನಿಮಿಷವೂ ಆಗಿಲ್ಲ, ಅಂಗೈಯಗಲದ ಬಟ್ಟಲುಗಳು ಒಂದೊಂದಾಗಿ ಬಂದು ಮೇಜು ತುಂಬಿದವು. ಕೆಂಪಗೆ ಹೊಳೆಯುವ ಕಿಮ್ಚಿ, ಎಳ್ಳೆಣ್ಣೆ ಬೆರೆಸಿದ ಮೊಳಕೆಕಾಳು, ಬೇಯಿಸಿ ಹಿಂಡಿದ ಪಾಲಕ್, ಸಿಹಿ ಸೋಯಾದಲ್ಲಿ ಹೊರಳಾಡಿಸಿದ ಆಲೂಗಡ್ಡೆ, ಖಾರ ಹಚ್ಚಿದ ಸೌತೆಕಾಯಿ. ಪಿಯುಸಿ ಓದುವ ಮೊಮ್ಮಗಳು ಒಂದೊಂದರ ಹೆಸರನ್ನೂ ಹೇಳುತ್ತಿದ್ದಾಳೆ. ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತ ಅಜ್ಜಿ ಎಲ್ಲವನ್ನೂ ಒಮ್ಮೆ ನೋಡಿ ಕೇಳಿದ್ದು ಒಂದೇ ಮಾತು: “ಇದರಲ್ಲಿ ಮೀನು ಗೀನು ಏನೂ ಇಲ್ಲ ತಾನೇ?”

ಮೊಮ್ಮಗಳಿಗೆ ಗೊತ್ತಿಲ್ಲ. ಬಡಿಸಲು ಬಂದ ಹುಡುಗನಿಗೂ ಖಾತ್ರಿಯಿಲ್ಲ. ಅವನು ಅಡುಗೆಮನೆಗೆ ಹೋಗಿ ಕೇಳಿಕೊಂಡು ಬಂದ. ಏನೂ ಹೇಳದೆ ಕಿಮ್ಚಿಯ ಬಟ್ಟಲನ್ನು ಅಜ್ಜಿಯ ಎದುರಿನಿಂದ ಮೆಲ್ಲಗೆ ಆಚೆ ಸರಿಸಿದ.

ಅಜ್ಜಿಯ ಆ ಪ್ರಶ್ನೆಗೆ ಕೇಳಿದ ಕೂಡಲೇ ಉತ್ತರ ಸಿಗಬೇಕು. ನಮ್ಮ ನಗರಗಳಲ್ಲಿ ಕೊರಿಯನ್ ಊಟವೆಂದರೆ ಕಾಲೇಜು ಹುಡುಗ ಹುಡುಗಿಯರ ಶೋಕಿ, ಸೀರಿಯಲ್ ನೋಡಿ ಹತ್ತಿದ ಹುಚ್ಚು ಎಂಬ ಮಾತು ಮನೆಮನೆಯಲ್ಲೂ ಇದೆ. ಆದರೆ ಹುಟ್ಟಿದ ನಾಡಿನಲ್ಲಿ ಈ ಊಟ ಇರುವುದೇ ಮನೆಮಂದಿಗಾಗಿ. ಅಜ್ಜಿ, ಮೊಮ್ಮಗು, ಸ್ನೇಹಿತರು ಎಲ್ಲ ಒಂದೇ ಮೇಜಿಗೆ ಕೂತರೇ ಅದಕ್ಕೆ ರುಚಿ. ಅದನ್ನು ಹಾಗೆಯೇ ಬಡಿಸಬೇಕು, ಹಾಗೆಯೇ ಉಣ್ಣಬೇಕು.

ಕೊರಿಯನ್ನರ ಮಾತಿನಲ್ಲೇ ಇದಕ್ಕೆ ಸಾಕ್ಷಿ ಇದೆ. ‘ಬಾಪ್’ ಎಂದರೆ ಅನ್ನ, ಊಟ ಎಂದರೂ ಬಾಪ್. ಪರಿಚಯದವರು ಎದುರಾದರೆ ಅವರು ಕೇಳುವುದು “ಬಾಪ್ ಮೊಗೊಸ್ಸೊ?” ಎಂದು. ನಮ್ಮ “ಊಟ ಆಯ್ತಾ?” ಅಷ್ಟೇ ಅದು. ಉತ್ತರ ಏನೇ ಇರಲಿ, ಕೇಳಿದವರ ಅಕ್ಕರೆ ಕೇಳಿದವರಿಗೂ ಕೇಳಿಸಿಕೊಂಡವರಿಗೂ ಗೊತ್ತು. ಮನೆಯವರನ್ನು ಅವರು ‘ಶಿಕ್ಕು’ ಎನ್ನುತ್ತಾರೆ. ಬಿಡಿಸಿ ಹೇಳಿದರೆ ‘ಉಣ್ಣುವ ಬಾಯಿಗಳು’. ಒಟ್ಟಿಗೆ ಉಂಡವರೇ ಮನೆಯವರು.

ಈ ಊಟ ದಕ್ಷಿಣ ಭಾರತಕ್ಕೆ ಬಂದ ದಾರಿಯೂ ಸೀರಿಯಲ್‌ಗಳಿಗಿಂತ ಹಳೆಯದು. ಹ್ಯುಂಡೈ ಕಂಪನಿ 1996ರಲ್ಲಿ ಚೆನ್ನೈ ಹತ್ತಿರ ನೆಲೆಯೂರಿತು, 1998ರಲ್ಲಿ ಸ್ಯಾಂಟ್ರೊ ಕಾರು ಹೊರಬಂತು. ಕಾರ್ಖಾನೆಯ ಜೊತೆ ಕೊರಿಯನ್ ಎಂಜಿನಿಯರುಗಳು ಬಂದರು, ಅವರ ಹಿಂದೆ ಅವರ ಮನೆಮಂದಿ ಬಂದರು, ಅವರ ಹೊಟ್ಟೆಗಾಗಿ ಚೆನ್ನೈನಲ್ಲಿ ಕೊರಿಯನ್ ಹೋಟೆಲುಗಳು ತೆರೆದವು. ಬೆಂಗಳೂರಿಗೆ ಸ್ಯಾಮ್‌ಸಂಗ್‌ನಂಥ ಕಂಪನಿಗಳ ಕಚೇರಿಗಳು ಬಂದವು, ಓದಲು ವಿದ್ಯಾರ್ಥಿಗಳು ಬಂದರು. ವಿದೇಶಿ ವಿದ್ಯಾರ್ಥಿಗಳು ಹೆಚ್ಚಾಗಿರುವ ಕಮ್ಮನಹಳ್ಳಿಯ ಸುತ್ತಮುತ್ತ ಕಿಮ್ಚಿಯ ವಾಸನೆ ಹೊಸದಲ್ಲ. 2019ರಲ್ಲಿ ಕಿಯಾ ಕಂಪನಿ ಕಾರು ತಯಾರಿಕೆ ಶುರು ಮಾಡಿದ್ದು ಪೆನುಕೊಂಡದಲ್ಲಿ. ಹಂಪಿ ಹಾಳಾದ ಮೇಲೆ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಅದೇ ಪೆನುಕೊಂಡ. ಬೆಂಗಳೂರಿನಿಂದ ಕೆಲವೇ ಗಂಟೆಗಳ ಹಾದಿ. ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಉಳಿದ ಮಕ್ಕಳು ಕೊರಿಯನ್ ಸೀರಿಯಲ್‌ಗಳಿಗೆ ಅಂಟಿಕೊಂಡದ್ದು, 2021ರಲ್ಲಿ ‘ಸ್ಕ್ವಿಡ್ ಗೇಮ್’ ಬಂದದ್ದು ಆಮೇಲಿನ ಮಾತು. ಊರು ಬಿಟ್ಟು ಬಂದವರು ಮನೆಯೂಟ ನೆನೆದು ತೆರೆಸಿದ ಹೋಟೆಲುಗಳು ಇವು. ಶೋಕಿ ತಡವಾಗಿ ಸೇರಿತು.

ಹೀಗಿದ್ದೂ ನಾವು ಅಲ್ಲಿ ಉಣ್ಣುವ ರೀತಿ ಬೇರೆಯೇ. ನಾಲ್ವರು ಸ್ನೇಹಿತರು ಹೋದರೆ ನಾಲ್ಕು ಆರ್ಡರ್. ಒಬ್ಬರಿಗೆ ಟೊಕ್‌ಬೊಕ್ಕಿ, ಒಬ್ಬರಿಗೆ ರಾಮ್ಯನ್, ಇನ್ನೊಬ್ಬರಿಗೆ ಖಾರದ ಚಿಕನ್, ಮತ್ತೊಬ್ಬರಿಗೆ ಫ್ರೈಡ್ ರೈಸ್. ಅವರವರ ತಟ್ಟೆಯ ಫೋಟೊ ಅವರವರು ತೆಗೆದುಕೊಂಡು, ಅವರವರದ್ದು ಅವರವರು ಮುಗಿಸುತ್ತಾರೆ. ದರ್ಶಿನಿಯಲ್ಲಿ ಕೂಪನ್ ತಗೊಂಡು ನಿಂತು ತಿನ್ನುವ ಲೆಕ್ಕ ಇದು. ದರ್ಶಿನಿಗೆ ಅದು ಸರಿ. ಕೊರಿಯನ್ ಮೇಜಿಗೆ ಹೊಂದುವುದಿಲ್ಲ. ಅಲ್ಲಿ ಪ್ರತಿಯೊಬ್ಬರದೂ ಎನ್ನುವಂಥದ್ದು ಒಂದು ಬಟ್ಟಲು ಅನ್ನ, ಹೆಚ್ಚೆಂದರೆ ಒಂದು ಬಟ್ಟಲು ಸಾರು. ಉಳಿದದ್ದೆಲ್ಲ ನಡುವೆ ಇಟ್ಟು ಎಲ್ಲರೂ ಕೈಹಾಕುವಂಥದ್ದು: ಕುದಿಯುತ್ತಲೇ ಬರುವ ಒಂದು ಜಿಗೆ, ಅಂದರೆ ಗಟ್ಟಿ ಸಾರು, ಒಂದು ಅಗಲವಾದ ಪಾಜನ್, ಅಂದರೆ ಈರುಳ್ಳಿ ಹೂವು ಹಾಕಿದ ದೋಸೆಯಂಥದ್ದು, ಮಾಂಸ ತಿನ್ನುವವರಿದ್ದರೆ ಮೇಜಿನ ಮೇಲೇ ಸುಡುವ ಕಬ್ಬಿಣದ ಹಂಚು. ಐದು ಜನಕ್ಕೆ ಇಂಥ ಮೂರು ಸಾಕು. ಸುತ್ತ ಇಡುವ ಸಣ್ಣ ಬಟ್ಟಲುಗಳಿಗೆ ‘ಬಾನ್‌ಚಾನ್’ ಎಂದು ಹೆಸರು. ಕೊರಿಯಾದಲ್ಲಿ ಅದಕ್ಕೆ ಸಾಮಾನ್ಯವಾಗಿ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ತಂದಿಡುತ್ತಾರೆ. ಬಾಳೆಲೆಯ ಮೇಲೆ ಕೋಸಂಬರಿ, ಪಲ್ಯ, ಉಪ್ಪಿನಕಾಯಿ ಸಾಲಾಗಿ ಬಂದು, “ಇನ್ನೊಂಚೂರು ಹಾಕ್ಲಾ?” ಎಂದು ಕೇಳಿಸಿಕೊಂಡು ಬೆಳೆದವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ.

ಮುಚ್ಚಳ ಹಾಕಿಕೊಂಡು ಬರುವ ಸ್ಟೀಲಿನ ಅನ್ನದ ಬಟ್ಟಲಿಗೂ ಒಂದು ಕಥೆ ಇದೆ. 1970ರ ದಶಕದಲ್ಲಿ ಕೊರಿಯಾದಲ್ಲಿ ಅಕ್ಕಿಗೆ ಕೊರತೆಯಿತ್ತು. ಹೋಟೆಲುಗಳಲ್ಲಿ ಅನ್ನ ಹಾಳಾಗಬಾರದೆಂದು 1976ರಲ್ಲಿ ಸೋಲ್ ನಗರಾಡಳಿತ ಬಟ್ಟಲಿನ ಅಳತೆಯನ್ನೇ ಗೊತ್ತು ಮಾಡಿತು: ಅಗಲ 10.5 ಸೆಂಟಿಮೀಟರ್, ಎತ್ತರ 6 ಸೆಂಟಿಮೀಟರ್. ಕೊರತೆ ಹೋಯಿತು, ಬಟ್ಟಲು ಉಳಿಯಿತು. ಇನ್ನೊಂದು ಸಂಗತಿ, ಚಾಪ್‌ಸ್ಟಿಕ್ ಹಿಡಿಯಲು ಬಾರದೆಂದು ಮುಜುಗರಪಡುವ ಹಿರಿಯರಿಗಾಗಿ. ಕೊರಿಯನ್ನರು ಅನ್ನವನ್ನೂ ಸಾರನ್ನೂ ಉಣ್ಣುವುದು ಉದ್ದ ಹಿಡಿಕೆಯ ಚಮಚದಲ್ಲಿ. ಕಡ್ಡಿ ಬೇಕಾಗುವುದು ಮುಖ್ಯವಾಗಿ ಪಲ್ಯ ಎತ್ತಿಕೊಳ್ಳಲು. ಮೇಜಿನಲ್ಲಿ ಹಿರಿಯರು ಚಮಚ ಎತ್ತುವ ತನಕ ಕಿರಿಯರು ಕೈಹಾಕುವುದಿಲ್ಲ ಎಂಬುದೂ ಅಲ್ಲಿಯ ರೂಢಿ. ಅಜ್ಜಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕೇ?

ಆ ಮೇಜಿನಲ್ಲಿ ಎಲ್ಲಕ್ಕಿಂತ ಹತ್ತಿರದಿಂದ ನೋಡಬೇಕಾದ್ದು ‘ಸಾಮ್’. ಅಂಗೈ ಮೇಲೆ ಒಂದು ಲೆಟ್ಯೂಸ್ ಎಲೆ ಹರಡಬೇಕು. ಅದರ ಮೇಲೆ ಒಂದು ಚಮಚ ಅನ್ನ, ಸುಟ್ಟ ಮಾಂಸದ ಚೂರು ಅಥವಾ ಅಣಬೆ, ಒಂದು ಎಸಳು ಬೆಳ್ಳುಳ್ಳಿ, ಸೋಯಾ ಹುದುಗಿನ ಖಾರದ ಮುದ್ದೆ ಸ್ವಲ್ಪ. ಎಲೆಯ ಅಂಚುಗಳನ್ನು ಒಳಕ್ಕೆ ಮಡಚಿ ಉಂಡೆ ಕಟ್ಟಿ, ಒಂದೇ ಬಾರಿಗೆ ಬಾಯಿಗೆ ಹಾಕಿಕೊಳ್ಳಬೇಕು. ಕಚ್ಚಿ ಎರಡು ಮಾಡುವಂತಿಲ್ಲ. ತಾನು ಕಟ್ಟಿದ ಮೊದಲ ಉಂಡೆಯನ್ನು ಪಕ್ಕದವರ ಬಾಯಿಗಿಡುವುದು ಅಲ್ಲಿ ಪ್ರೀತಿ ತೋರುವ ಬಗೆ. ಕನ್ನಡದಲ್ಲಿ ಇದಕ್ಕೆ ಹೊಸ ಹೆಸರು ಹುಡುಕಬೇಕಿಲ್ಲ, ಕೈತುತ್ತು ಎಂಬ ಮಾತು ಇದ್ದೇ ಇದೆ. ಆ ಶನಿವಾರ ಮೊಮ್ಮಗಳು ಅಣಬೆಯ ಸಾಮ್ ಕಟ್ಟಿ, “ಅಜ್ಜಿ, ಆ ಅನ್ನು” ಎಂದಳು. ಅಜ್ಜಿ ಸುತ್ತ ಒಮ್ಮೆ ನೋಡಿ ಬಾಯಿ ತೆರೆದರು. ಹದಿನೈದು ವರ್ಷದ ಹಿಂದೆ ಅದೇ ಹುಡುಗಿಗೆ ತಾರಸಿಯ ಮೇಲೆ ಚಂದ್ರನನ್ನು ತೋರಿಸಿ ಮೊಸರನ್ನ ತಿನ್ನಿಸಿದ ಕೈ ಅವರದು.

ರುಚಿಯಲ್ಲೂ ಕನ್ನಡದ ನಾಲಿಗೆಗೆ ಈ ಊಟ ಅಷ್ಟೇನೂ ದೂರದ್ದಲ್ಲ. ಕಿಮ್ಚಿಗೆ ಹಾಕುವ ಕೊರಿಯನ್ ಮೆಣಸಿನ ಪುಡಿ ಕಣ್ಣಿಗೆ ಬೆಂಕಿಯ ಹಾಗಿದ್ದರೂ ನಾಲಿಗೆಗೆ ಮೆದು. ಬಣ್ಣ ಹೆಚ್ಚು, ಖಾರ ಕಡಿಮೆ. 2011ರಲ್ಲಿ ಜಿಐ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಗುಣವೂ ಅದೇ. ಮನೆಯಲ್ಲಿ ಕಿಮ್ಚಿ ಮಾಡಿ ನೋಡುವ ಆಸೆಯಿದ್ದವರು ಬೀಜ ತೆಗೆದ ಬ್ಯಾಡಗಿಯನ್ನು ತರಿತರಿಯಾಗಿ ಪುಡಿ ಮಾಡಿಕೊಂಡರೆ ಬಣ್ಣಕ್ಕೆ ಮೋಸವಿಲ್ಲ. ಚಳಿಗಾಲಕ್ಕೆ ಮುಂಚೆ ನೆರೆಹೊರೆಯವರೆಲ್ಲ ಸೇರಿ ಕಿಮ್ಚಿ ಹಾಕಿ ಹಂಚಿಕೊಳ್ಳುವ ‘ಕಿಮ್‌ಜಾಂಗ್’ ಪದ್ಧತಿಯನ್ನು 2013ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಸೋಯಾ ಹುದುಗು ಹಾಕುವ ವಿದ್ಯೆಯನ್ನು 2024ರಲ್ಲಿ. ಮಾವಿನ ಕಾಲದಲ್ಲಿ ಉಪ್ಪಿನಕಾಯಿ, ಬಿಸಿಲುಗಾಲದಲ್ಲಿ ಹಪ್ಪಳ ಸಂಡಿಗೆ ಎಂದು ಬೀದಿಯ ಹೆಂಗಸರೆಲ್ಲ ಒಂದು ತಾರಸಿಯಲ್ಲಿ ಸೇರುತ್ತಿದ್ದುದನ್ನು ಕಂಡವರಿಗೆ ಅದು ಏನೆಂದು ವಿವರಿಸಬೇಕಿಲ್ಲ.

ಇನ್ನು ಅಜ್ಜಿಯ ಪ್ರಶ್ನೆಗೆ ಬರಬೇಕು. ಎಲೆಕೋಸಿನ ಕಿಮ್ಚಿ ನೋಡಲು ತರಕಾರಿಯೇ, ಆದರೆ ಸಾಮಾನ್ಯವಾಗಿ ಅದರಲ್ಲಿ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಅಥವಾ ಮೀನಿನ ರಸ ಇರುತ್ತದೆ. ಸೋಯಾ ಸಾರಿನಲ್ಲಿ ತೋಫು, ಕುಂಬಳಕಾಯಿ ತೇಲುತ್ತಿದ್ದರೂ ಅದರ ಬುಡದ ರಸವನ್ನು ಎಷ್ಟೋ ಕಡೆ ಒಣಗಿದ ಸಣ್ಣ ಮೀನು ಕುದಿಸಿ ತೆಗೆದಿರುತ್ತಾರೆ. ಮೇಲೆ ಮಾಂಸ ಕಾಣದಿದ್ದರೆ ‘ವೆಜ್’ ಎಂದು ಬರೆಯುವ ಮೆನು ಕಾರ್ಡುಗಳು ಇವೆ. ಇದು ಸಣ್ಣ ತಪ್ಪಲ್ಲ. ಒಬ್ಬರ ನೇಮ, ಇನ್ನೊಬ್ಬರ ಅಲರ್ಜಿ ಎರಡೂ ಆ ಒಂದು ಪದವನ್ನು ನಂಬಿ ಕೂತಿರುತ್ತವೆ. ಅಂಗಡಿಯ ಬಿಸ್ಕತ್ತಿನ ಪೊಟ್ಟಣಕ್ಕೆ ಹಸಿರು ಚುಕ್ಕೆ ಬೇಕೆನ್ನುವ ದೇಶದಲ್ಲಿ, ಕುದಿಯುವ ಸಾರಿನ ಬುಡದಲ್ಲಿ ಏನಿದೆ ಎಂದು ಬಡಿಸುವವರಿಗೆ ಗೊತ್ತಿರಲೇಬೇಕು. ಮೆನುವಿನಲ್ಲಿ ಒಂದು ಸಾಲು ಬರೆದರೆ ಸಾಕು: ಇದರ ರಸ ಮೀನಿನದು, ಇದರದು ಕಡಲಪಾಚಿ ಮತ್ತು ಒಣ ಅಣಬೆಯದು.

ಸಸ್ಯಾಹಾರಿಗಳಿಗೆಂದು ಕೆಲವು ಹೋಟೆಲುಗಳು ಕಂಡುಕೊಂಡ ದಾರಿ ಪನೀರ್. ಪನೀರ್ ಬಿಬಿಂಬಾಪ್, ಪನೀರ್ ಟೊಕ್‌ಬೊಕ್ಕಿ. ಬೇರೆ ನೆಲಕ್ಕೆ ಹೋದ ಅಡುಗೆ ಬದಲಾಗುವುದು ಪಾಪವಲ್ಲ. ಚೀನಾದವರು ಕಂಡಿರದ ಗೋಬಿ ಮಂಚೂರಿ ನಮ್ಮ ಗಾಡಿಗಳಲ್ಲಿ ಅರಳಿತು. ಕೊರಿಯನ್ನರೇ ಕೊರಿಯಾ ಯುದ್ಧ ಮುಗಿದ ಮೇಲೆ ಅಮೆರಿಕದ ಸೇನಾ ನೆಲೆಗಳಿಂದ ಸಿಕ್ಕ ಹ್ಯಾಮು, ಸಾಸೇಜುಗಳನ್ನು ಕಿಮ್ಚಿಯ ಜೊತೆ ಕುದಿಸಿ ‘ಬುದೆ ಜಿಗೆ’ ಎಂಬ ಸಾರನ್ನೇ ಮಾಡಿಕೊಂಡರು. ಆದರೆ ಇಲ್ಲಿ ಪನೀರಿನ ಮೊರೆ ಹೋಗುವ ಅಗತ್ಯವೇ ಇರಲಿಲ್ಲ. ಸಸ್ಯಾಹಾರದ ಅಡುಗೆ ಕೊರಿಯಾದಲ್ಲೇ ಇದೆ, ಶತಮಾನಗಳಿಂದ ಇದೆ.

ಅದು ಬೌದ್ಧ ದೇಗುಲಗಳ ಅಡುಗೆ. ಮಾಂಸವಿಲ್ಲ, ಮೀನಿಲ್ಲ, ಬೆಳ್ಳುಳ್ಳಿ, ಈರುಳ್ಳಿ ಜಾತಿಯ ಘಾಟಿನ ಸೊಪ್ಪುಗಳೂ ಇಲ್ಲ. ವರ್ಜ್ಯ ಮಾಡಿದ ಐದು ಪದಾರ್ಥಗಳ ಪಟ್ಟಿಯಲ್ಲಿ ಕೊನೆಯದು ಕರ್ನಾಟಕದವರು ಎರಡು ಸಲ ಓದಿಕೊಳ್ಳುವಂಥದ್ದು: ಇಂಗು. ಈರುಳ್ಳಿ ಬೆಳ್ಳುಳ್ಳಿ ಬಿಟ್ಟ ನಮ್ಮ ಮಡಿ ಅಡುಗೆಯವರು ಆ ಜಾಗದಲ್ಲಿ ಹಾಕಿಕೊಂಡ ಇಂಗನ್ನು ಕೊರಿಯಾದ ಭಿಕ್ಷುಗಳು ಈರುಳ್ಳಿಯ ಜೊತೆಗೇ ಬಿಟ್ಟರು. ಪೆಕ್‌ಯಾಂಗ್‌ಸಾ ದೇಗುಲದ ಆಶ್ರಮದಲ್ಲಿ ಅಡುಗೆ ಮಾಡುವ ಭಿಕ್ಷುಣಿ ಜೊಂಗ್ ಕ್ವಾನ್ ಅವರನ್ನು 2017ರಲ್ಲಿ ನೆಟ್‌ಫ್ಲಿಕ್ಸ್‌ನ ‘ಚೆಫ್ಸ್ ಟೇಬಲ್’ ಸರಣಿ ಜಗತ್ತಿಗೆ ಪರಿಚಯಿಸಿತು. ಸೋಲ್‌ನಲ್ಲಿ ಜೋಗ್ಯೆ ಎಂಬ ಬೌದ್ಧ ಪಂಥದವರೇ ನಡೆಸುವ ‘ಬಾಲು ಗೊಂಗ್‌ಯಾಂಗ್’ ಎಂಬ ದೇಗುಲದೂಟದ ಹೋಟೆಲಿಗೆ ಮಿಶೆಲಿನ್ ತಾರೆ ಸಿಕ್ಕಿತ್ತು. ಕಡಲಪಾಚಿ, ಒಣ ಅಣಬೆ ಕುದಿಸಿ ತೆಗೆದ ರಸ, ಹಳೆಯ ಸೋಯಾ ಹುದುಗು, ಎಳ್ಳು, ಕಮಲದ ಬೇರು, ಕಾಡು ಸೊಪ್ಪು. ಕೋಡುಬಳೆ, ಪತ್ರೊಡೆ, ತಂಬುಳಿಗಳ ನಾಡಿನವರಿಗೆ ಇದು ಎಷ್ಟು ಬೇಗ ಹಿಡಿಸೀತು ಎಂದು ಇಲ್ಲಿಯ ಕೊರಿಯನ್ ಹೋಟೆಲಿನವರು ಇನ್ನೂ ಲೆಕ್ಕ ಹಾಕಿದಂತಿಲ್ಲ. ಮೆನುವಿನ ಒಂದು ಪುಟವನ್ನು ದೇಗುಲದೂಟಕ್ಕೆ ಕೊಡಲಿ. ಸಿಗಡಿ ಹಾಕದ ಕಿಮ್ಚಿಯ ಜಾಡಿಯೊಂದನ್ನು ಬೇರೆಯಾಗಿ ಇಡಲಿ, ಅದಕ್ಕೆ ಬೇರೆ ಚಮಚ ಇಡಲಿ. ಅಷ್ಟಾದರೆ ಮಾಂಸ ತಿನ್ನುವ ಮಗ, ತಿನ್ನದ ತಾಯಿ ಒಂದೇ ಮೇಜಿಗೆ ಬರುತ್ತಾರೆ. ಹೋಟೆಲಿಗೂ ಅದು ಲಾಭವೇ.

ಎಂಜಲಿನ ಮಾತೂ ಬರುತ್ತದೆ, ಬರಲೇಬೇಕು. ಒಂದೇ ಸಾರಿನ ಪಾತ್ರೆಗೆ ನಾಲ್ಕು ಚಮಚ ಅದ್ದುವುದನ್ನು ಸೀರಿಯಲ್‌ನಲ್ಲಿ ನೋಡಿದ ಎಷ್ಟೋ ಅಮ್ಮಂದಿರು ಮುಖ ಸಿಂಡರಿಸಿದ್ದಾರೆ. ಕೊರೊನಾ ಬಂದ ಮೇಲೆ 2020ರಲ್ಲಿ ಕೊರಿಯಾದ ಸರ್ಕಾರವೇ ಬೇರೆ ಬೇರೆ ಬಟ್ಟಲಿಗೆ ಹಾಕಿಕೊಂಡು ಉಣ್ಣಿ ಎಂದು ಹೋಟೆಲುಗಳಿಗೂ ಜನಕ್ಕೂ ಹೇಳತೊಡಗಿತು. ಸೌಟು ಒಂದು, ಖಾಲಿ ಬಟ್ಟಲು ಐದು ಕೇಳಿ ಪಡೆದರೆ ಮುಗಿಯಿತು. ಪಾತ್ರೆ ನಡುವೆಯೇ ಇರುತ್ತದೆ.

ಆ ಶನಿವಾರದ ಮೇಜಿನಲ್ಲಿ ಅಜ್ಜಿ ಉಂಡದ್ದು ಮೊಟ್ಟೆ, ಮಾಂಸ ಹಾಕದ ಬಿಬಿಂಬಾಪ್, ಅಂದರೆ ಪಲ್ಯಗಳನ್ನು ಬೆರೆಸಿ ಉಣ್ಣುವ ಅನ್ನ. ಕಲ್ಲಿನ ಬಟ್ಟಲಿನ ತಳದಲ್ಲಿ ಸೀದು ಗರಿಗರಿಯಾದ ಅನ್ನವನ್ನು ಚಮಚದಿಂದ ಕೆರೆದು ಕೆರೆದು, “ನಮ್ಮ ಅಮ್ಮ ಪಾತ್ರೆ ತಳದ ಸೀಕು ನಂಗೇ ಅಂತ ಎತ್ತಿಡ್ತಿದ್ಲು” ಎಂದರು. ಮೊಳಕೆಕಾಳಿನ ಪಲ್ಯವನ್ನು ಎರಡು ಸಲ ಹಾಕಿಸಿಕೊಂಡರು. ಊಟ ಮುಗಿದ ಮೇಲೆ ಗಾಜಿನ ಸಣ್ಣ ಲೋಟಗಳಲ್ಲಿ ಸುಜೊಂಗ್‌ಗ್ವಾ ಬಂತು. ಶುಂಠಿ, ಚಕ್ಕೆ ಕುದಿಸಿ ಸಿಹಿ ಹಾಕಿ ತಣ್ಣಗೆ ಮಾಡಿದ ಪಾನಕ. ಒಂದು ಗುಟುಕು ಕುಡಿದು, ಲೋಟ ಕೆಳಗಿಟ್ಟು, ಆಚೆ ಸರಿದಿದ್ದ ಕಿಮ್ಚಿಯ ಬಟ್ಟಲನ್ನು ನೋಡಿ ಮೊಮ್ಮಗಳಿಗೆ ಹೇಳಿದರು: “ಆ ಉಪ್ಪಿನಕಾಯಿನ ಸಿಗಡಿ ಹಾಕದೆ ಮಾಡಕ್ಕಾಗಲ್ವಂತಾ, ಒಳಗೆ ಹೋಗಿ ಕೇಳ್ಕೊಂಡು ಬಾ. ಎಲೆಕೋಸು ನಾಳೆ ಸಂತೇಲಿ ತರೋಣ.”