ಕನ್ನಡ ಲಿಪಿಯ ಮೂಲವಿಚಾರ

ಹಂಪಸಾಗರದ ಬಡಗಣಕ್ಕೆ ತುಂಗಭದ್ರೆಯ ಹಿನ್ನೀರು, ಅದರಾಚೆಗೆ ಕೊಪ್ಪಳ. ಅಲ್ಲಿಯ ಗವಿಮಠದ ಬಂಡೆಯ ಮೇಲೆ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನವಿದೆ. 1931ರಲ್ಲಿ ಅದು ಬೆಳಕಿಗೆ ಬಂದಿತು. ಊರಿನ ನೈರುತ್ಯಕ್ಕೆ ಹಡಗಲಿಯ ಸೀಮೆಯಲ್ಲಿ ಹಿರೇಹಡಗಲಿ. ಅಲ್ಲಿ ದೊರೆತ, ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಕ್ರಿಸ್ತಶಕ 4ನೆಯ ಶತಮಾನದವೆಂದು ಪಂಡಿತರ ಎಣಿಕೆ. ಒಂದೇ ಲಿಪಿಯ ಬಾಲ್ಯವೂ ಯೌವನವೂ ಹೀಗೆ ಈ ಊರಿನ ಎರಡು ಪಕ್ಕಗಳಲ್ಲಿ ಬಿದ್ದಿವೆ. ಇವುಗಳ ನಡುವೆ ಸುಮಾರು ಆರು ನೂರು ವರ್ಷಗಳ ಅಂತರ.

ಇಂತಹ ಸೀಮೆಯಲ್ಲಿಯೇ ವಿಚಿತ್ರವಾದ ಒಂದು ಮತವು ಸಭೆಗಳಲ್ಲಿ ಚಪ್ಪಾಳೆಯನ್ನು ಸಂಪಾದಿಸುತ್ತಲಿದೆ. ಕನ್ನಡ ಲಿಪಿಯು ಯಾರಿಂದಲೂ ಬಂದುದಲ್ಲವಂತೆ; ಅದು ಸ್ವಯಂಭುವಂತೆ; ಪ್ರಾಚೀನರ ಕಲ್ಲುಗೋರಿಗಳಲ್ಲಿ ಸಿಕ್ಕುವ ಮಡಕೆಚೂರುಗಳ ಮೇಲಿನ ಗೀಟುಗಳೇ ಅದರ ಮೊದಲ ಅಕ್ಷರಗಳಂತೆ! ಬ್ರಾಹ್ಮಿಯ ಹೆಸರೆತ್ತಿದವನು ನಾಡಿನ ಮಾನವನ್ನು ಪರರಿಗೆ ಒತ್ತೆಯಿಟ್ಟವನೆಂದು ಈ ಮತದವರು ಭಾವಿಸುತ್ತಾರೆ. ಆಧಾರವೇನೆಂದು ಕೇಳಿದರೆ ದೊರೆಯುವ ಉತ್ತರವು ಒಂದೇ: ಚೂರಿನ ಮೇಲಣ ಈ ಗೀಟು ಆ ಅಕ್ಷರದಂತೆ ಕಾಣುತ್ತದೆ.

ಕಾಣುವುದೇನೋ ನಿಜ. ಆದರೆ ಗೆರೆ, ಅಡ್ಡಗೆರೆ, ವೃತ್ತ, ಕೋನಗಳು ಎಲ್ಲ ದೇಶದ ಮಕ್ಕಳ ಕೈಯಲ್ಲಿಯೂ ಮೂಡುವಂಥವು. ಈ ವಾದದ ದೌರ್ಬಲ್ಯವು ದೂರದೇಶದ ಒಂದು ದೃಷ್ಟಾಂತದಿಂದ ಸ್ಪಷ್ಟವಾಗುವುದು. ಆಫ್ರಿಕಾ ಖಂಡದ ಬಡಗಣ ತೀರದಲ್ಲಿ ಬೆರ್ಬೆರರೆಂಬ ಜನರಿದ್ದಾರೆ. (ಈ ಹೆಸರು ಅನ್ಯರು ಇಟ್ಟದ್ದು, ಅವರು ತಮ್ಮನ್ನು ಇಮಾಝಿಘೆನ್ ಎಂದು ಕರೆದುಕೊಳ್ಳುತ್ತಾರೆ.) ಅವರ ಪುರಾತನ ಲಿಪಿಯ ಮೂಲವನ್ನು ಕುರಿತು ಇಂತಹುದೇ ಕಲಹವು ಬಹುಕಾಲದಿಂದ ನಡೆದಿದೆ. ಅದು ಫಿನೀಷಿಯರಿಂದ ಪಡೆದುದೆಂದು ಒಂದು ಪಕ್ಷ. ಅವರ ಬಂಡೆಚಿತ್ರ, ಹಚ್ಚೆಗಳಿಂದಲೇ ಹುಟ್ಟಿದುದೆಂದು ಇನ್ನೊಂದು. ಟ್ಯುನೀಷಿಯದ ದುಗ್ಗ ಎಂಬಲ್ಲಿ ಮಾಸಿನಿಸ್ಸ ದೊರೆಯ ಗುಡಿಗೆ ಸಂಬಂಧಿಸಿದ, ಕ್ರಿಸ್ತಪೂರ್ವ 138ರ ಸುಮಾರಿನ ದ್ವಿಭಾಷಾ ಶಾಸನವಿದೆ. ಎರಡು ಭಾಷೆಗಳಲ್ಲಿ ಒಂದೇ ಸಂಗತಿಯಿರುವುದರಿಂದ ಅಕ್ಷರಗಳ ಧ್ವನಿಯು ನಿಶ್ಚಯವಾಯಿತು.

ಈಗ ಕೂಡುವ ಗುರುತಿನಂತಹ ಅಡ್ಡಗೆರೆಯೊಂದನ್ನೇ ತೆಗೆದುಕೊಳ್ಳಬಹುದು. ಫಿನೀಷಿಯರಲ್ಲಿ ಅದು ‘ತ’ಕಾರ, ಬೆರ್ಬೆರರ ಪುರಾತನ ಲಿಪಿಯಲ್ಲಿಯೂ ‘ತ’ಕಾರ, ಅಶೋಕನ ಕೊಪ್ಪಳದ ಬಂಡೆಯಲ್ಲಿ ಅದು ‘ಕ’ಕಾರ! ನಡುವೆ ಚುಕ್ಕೆಯುಳ್ಳ ವೃತ್ತವು ದುಗ್ಗದಲ್ಲಿ ‘ಬ’, ಸಹಾರದ ತುವಾರೆಗರ ತಿಫಿನಾಘ್ ಲಿಪಿಯಲ್ಲಿ ‘ಸ’, ಬ್ರಾಹ್ಮಿಯಲ್ಲಿ ‘ಥ’. ಆಕಾರದ ಜೊತೆಗೆ ಧ್ವನಿಯೂ ಹೊಂದಿದರೆ ಸಂಬಂಧವನ್ನು ಊಹಿಸಲು ಎಡೆಯುಂಟು. ಬರಿಯ ಆಕಾರದಿಂದ ಏನೂ ಸಿದ್ಧಿಸದು. ಮಡಕೆಚೂರಿನ ಗೀಟುಗಳ ಧ್ವನಿಯನ್ನು ಬಲ್ಲವರಾರು? ಬ್ರಹ್ಮಗಿರಿಯಲ್ಲಿ 1947ರಲ್ಲಿ ವ್ಹೀಲರ್ ನಡೆಸಿದ ಅಗೆತದ ಮಡಕೆಗಳಲ್ಲಿಯೂ ಇಂತಹ ಗೀಟುಗಳುಂಟು. ಮಡಕೆಯ ಯಜಮಾನನೋ ಕುಂಬಾರನೋ ಹಾಕಿದ ಗುರುತುಗಳೆಂದರೆ ಸಾಲದೆ?

ಎದುರುಪಕ್ಷದವರೂ ಈ ದೋಷದಿಂದ ಮುಕ್ತರಲ್ಲ. ಹಿರೇಹಡಗಲಿಯ ತಾಮ್ರಪಟಗಳನ್ನು ಓದಿ ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲನೆಯ ಸಂಪುಟದಲ್ಲಿ ಪ್ರಕಟಿಸಿದ ಬ್ಯೂಲರ್ ಪಂಡಿತನೇ 1895ರಲ್ಲಿ ಬ್ರಾಹ್ಮಿಯ ಅಕ್ಷರಗಳೆಲ್ಲವನ್ನೂ ಪಶ್ಚಿಮ ಏಷ್ಯದ ಸೆಮೆಟಿಕ್ ಅಕ್ಷರಗಳಿಂದ ಹೊರಡಿಸಿದನು. ಹೊಂದದ ಅಕ್ಷರವನ್ನು ತಲೆಕೆಳಗು ಮಾಡಿದನು. ಆಗಲೂ ಹೊಂದದಿದ್ದರೆ ಪಕ್ಕಕ್ಕೆ ಮಲಗಿಸಿದನು. ಅವನ ಪಾಂಡಿತ್ಯಕ್ಕೆ ನಮಸ್ಕಾರ ಸಲ್ಲಲೇಬೇಕು. ಆದರೆ ಇಷ್ಟು ಸ್ವಾತಂತ್ರ್ಯ ದೊರೆತರೆ ಯಾವ ಲಿಪಿಯಿಂದ ಯಾವ ಲಿಪಿಯನ್ನು ಹುಟ್ಟಿಸಲಾಗದು? ಅವನಿಗಿಂತ ಮುಂಚೆ ಕನ್ನಿಂಗ್‌ಹ್ಯಾಮನು ‘ಧ’ಕಾರದಲ್ಲಿ ಧನುಸ್ಸನ್ನು ಕಂಡು ಬ್ರಾಹ್ಮಿಯು ಚಿತ್ರಗಳಿಂದ ಹುಟ್ಟಿತೆಂದಿದ್ದನು. ಇಬ್ಬರೂ ಕಣ್ಣನ್ನೇ ಸಾಕ್ಷಿ ಮಾಡಿಕೊಂಡವರು.

ಹಾಗಾದರೆ ನಂಬತಕ್ಕ ಸಾಕ್ಷಿಯಾವುದು? ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ರೈಸ್ ಸಾಹೇಬರು 1892ರಲ್ಲಿ ಕಂಡ ಅಶೋಕನ ಶಾಸನಗಳಿವೆ. ಅವುಗಳನ್ನು ಬರೆದವನು ಚಪಡನೆಂಬ ಲಿಪಿಕಾರ. ಶಾಸನವನ್ನೆಲ್ಲ ಎಡದಿಂದ ಬಲಕ್ಕೆ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ‘ಲಿಪಿಕರೇಣ’ ಎಂಬ ಒಂದು ಮಾತನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದನು. ಖರೋಷ್ಠಿಯು ಅರಮಾಯಿಕ್ ಲಿಪಿಯಿಂದ ಬಂದುದೆಂಬುದರಲ್ಲಿ ವಿವಾದವಿಲ್ಲ. ಗಂಧಾರದ ಲಿಪಿಯನ್ನು ಬಲ್ಲವನೊಬ್ಬನು ಕನ್ನಡನಾಡಿನ ಗುಡ್ಡದ ಮುಂದೆ ಕುಳಿತು ಕಲ್ಲಿಗೆ ಅಕ್ಷರ ಕೊಡಿಸಿದನೆಂಬುದು ಊಹೆಯಲ್ಲ, ಕಲ್ಲಿನಲ್ಲಿಯೇ ಇರುವ ಸಂಗತಿ. ‘ಲಿಪಿ’ ಎಂಬ ಶಬ್ದದ ಗತಿಯಾದರೂ ಏನು? ಶಾಹಬಾಜ್‌ಗಢಿಯ ಅಶೋಕಶಾಸನದಲ್ಲಿ ಅದು ‘ದಿಪಿ’. ಪ್ರಾಚೀನ ಪಾರಸಿಕ ರಾಜರ ಶಾಸನಗಳಲ್ಲಿಯೂ ‘ದಿಪಿ’. ಅಲ್ಲಿಂದಲೇ ಇದು ಬಂದಿತೆಂದು ಬಹುಮಂದಿ ವಿದ್ವಾಂಸರ ಮತ. ಕನ್ನಡ ಲಿಪಿಯು ಸ್ವಯಂಭುವೆಂದು ಘೋಷಿಸುವವರ ಘೋಷಣೆಯಲ್ಲಿಯೇ ಕಡ ತಂದ ಮಾತೊಂದು ಕುಳಿತಿದೆ!

ಸಿಂಹಳದ ಅನುರಾಧಪುರದಲ್ಲಿ ಬ್ರಾಹ್ಮಿ ಅಕ್ಷರಗಳುಳ್ಳ ಮಡಕೆಚೂರುಗಳು ದೊರೆತಿದ್ದು, ಅವು ಅಶೋಕನಿಗಿಂತ ಹಿಂದಿನವೆಂದು ಅಗೆದವರು ನಿರ್ಣಯಿಸಿದ್ದಾರೆ. ಸ್ವಯಂಭುವಾದಿಗಳು ಇದನ್ನು ತಮ್ಮ ಜಯವೆಂದು ಸಾರುತ್ತಾರೆ. ಆದರೆ ಬ್ರಾಹ್ಮಿಯ ವಯಸ್ಸು ಹೆಚ್ಚಿದ ಮಾತ್ರಕ್ಕೆ ಕನ್ನಡ ಲಿಪಿಯು ಬ್ರಾಹ್ಮಿಯ ಮಗಳಲ್ಲವೆಂದಾಗುವುದು ಹೇಗೆ? ತಾಯಿಗೆ ವಯಸ್ಸಾಯಿತೆಂದು ಮಗಳು ಅನಾಥಳಾಗುವುದುಂಟೆ?

ಕನ್ನಡ ಲಿಪಿಯೊಳಗೇ ಇರುವ ಸಾಕ್ಷಿಯು ಇವೆಲ್ಲಕ್ಕಿಂತ ಬಲವತ್ತರವಾದುದು. ಕನ್ನಡದ ಬಾಯಿಗೆ ಹ್ರಸ್ವ ‘ಎ’ ‘ಒ’ಗಳೂ ದೀರ್ಘ ‘ಏ’ ‘ಓ’ಗಳೂ ಸಹಜವಾದವು, ಕೆರೆಯೂ ಕೇರಿಯೂ ಕನ್ನಡಿಗನಿಗೆ ಬೇರೆಬೇರೆ. ಆದರೂ ಪ್ರಾಚೀನ ಶಾಸನಗಳಲ್ಲಿ ಹ್ರಸ್ವದೀರ್ಘಗಳೆರಡಕ್ಕೂ ಒಂದೇ ಗುರುತು. ಕನ್ನಡಿಗರು ತಮ್ಮ ಮಾತಿಗಾಗಿ ತಾವೇ ಲಿಪಿಯನ್ನು ಹುಟ್ಟಿಸಿದ್ದರೆ ಈ ಕೊರತೆಯಿರುತ್ತಿತ್ತೆ? ಅಚ್ಚಗನ್ನಡಕ್ಕೆ ಬೇಡವಾದ ಘಕಾರ, ಝಕಾರ, ಢಕಾರಗಳಿಗೆ ಅಕ್ಷರಗಳಿದ್ದು, ದಿನಕ್ಕೆ ನೂರು ಸಲ ಬೇಕಾಗುವ ಭೇದಕ್ಕೆ ಅಕ್ಷರವಿಲ್ಲದಿರುತ್ತಿತ್ತೆ? ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ತೊಟ್ಟವನಿಗೆ ಮಾತ್ರ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ.

ಆದರೆ ಆ ಅಂಗಿಯನ್ನು ಕನ್ನಡಿಗರು ತೊಟ್ಟಂತೆಯೇ ಉಳಿಸಲಿಲ್ಲ. ಅಶೋಕನ ಶಾಸನಗಳಲ್ಲಿಲ್ಲದ ಱಕಾರ ೞಕಾರಗಳು ಹಳಗನ್ನಡ ಶಾಸನಗಳಲ್ಲಿವೆ. ಕನ್ನಡಿಗರೂ ಅವರ ನೆರೆಯವರೂ ತಮ್ಮ ನಾಲಗೆಗಾಗಿ ಕೂಡಿಸಿಕೊಂಡವು ಅವು. ಸಾತವಾಹನರ ಕಾಲದ ಅಕ್ಷರವು ಕದಂಬರ ಕಾಲಕ್ಕೆ ತಲೆಕಟ್ಟನ್ನು ಪಡೆದು, ಕ್ರಿಸ್ತಶಕ 450ರ ಸುಮಾರಿನದೆಂದು ಎಣಿಸಲಾದ ಹಲ್ಮಿಡಿಯ ಶಾಸನದಲ್ಲಿ ಕನ್ನಡವನ್ನೇ ನುಡಿಯಿತು. ಬಾದಾಮಿ ಚಾಲುಕ್ಯರ ಕಾಲದಿಂದ ಮುಂದೆ ದುಂಡಾಗುತ್ತ ಬಂದು, ಕನ್ನಡಕ್ಕೂ ತೆಲುಗಿಗೂ ಬಹುಕಾಲ ಒಂದೇ ಆಗಿತ್ತು. ಕಡ ತಂದ ಬಂಡವಾಳವನ್ನು ಇಷ್ಟು ಬೆಳೆಸಿದ ವರ್ತಕನನ್ನು ಊರಿನವರು ಮೆಚ್ಚುವರೇ ಹೊರತು ಹಳಿಯರು. ಬ್ರಾಹ್ಮಿಯನ್ನು ಸಿಂಹಳದಿಂದ ತಿಬ್ಬತ್ತಿನವರೆಗೂ ಎಷ್ಟೋ ಜನಾಂಗಗಳು ಹೀಗೆಯೇ ಪಡೆದು ತಮ್ಮದನ್ನಾಗಿ ಮಾಡಿಕೊಂಡವು.

ಈ ಸ್ವಯಂಭುವಾದದಿಂದ ಆಗುವ ನಷ್ಟ ಅಲ್ಪವಲ್ಲ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸೀಮೆಗಳ ನೂರಾರು ಶಾಸನಗಳು, ಮದರಾಸು ಆಧಿಪತ್ಯದಲ್ಲಿ ಬಳ್ಳಾರಿಯಿದ್ದಾಗಲೇ, ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾದವು. ಅಚ್ಚಾದುದನ್ನು ಓದತಕ್ಕವರು ವಿರಳ. ಮಡಕೆಚೂರಿನ ಗೀಟಿಗೆ ಅರ್ಥ ಹೇಳತಕ್ಕವರು ಹೇರಳ. ತರುಣರಿಗೆ ಬಾಗಳಿಯ ಕಲ್ಲೇಶ್ವರನ ಗುಡಿಯ ಕಲ್ಲುಗಳ ಮುಂದೆ ಹಳಗನ್ನಡದ ಅಕ್ಷರವನ್ನು ಗುರುತಿಸಲು ಕಲಿಸಬೇಕಾದವರೇ ಅವರಿಗೆ ಓದಲಾಗದ ಗೀಟುಗಳ ಮೇಲೆ ಅಭಿಮಾನವನ್ನು ಕಲಿಸುತ್ತಿದ್ದಾರೆ.

ಸ್ವಯಂಭುವಾದಿಗಳಿಂದ ಕೇಳತಕ್ಕುದು ಹೆಚ್ಚೇನೂ ಇಲ್ಲ. ಕಲ್ಲುಗೋರಿಯ ಯಾವುದಾದರೊಂದು ಚೂರಿನ ಮೇಲಣ ಗೀಟುಗಳಿಂದ ಒಂದೇ ಒಂದು ಕನ್ನಡ ಪದವನ್ನು ಓದಲಿ; ಅದೇ ಗೀಟುಗಳಿಗೆ ಅದೇ ಧ್ವನಿಗಳನ್ನು ಕೊಟ್ಟು ಮತ್ತೊಂದು ಚೂರಿನ ಮೇಲೆ ಇನ್ನೊಂದು ಪದವನ್ನು ಓದಲಿ. ದುಗ್ಗದ ಕಲ್ಲು ಆ ಪರೀಕ್ಷೆಯಲ್ಲಿ ಗೆದ್ದಿದೆ. ಕೊಪ್ಪಳದ ಬಂಡೆಯೂ ಹಿರೇಹಡಗಲಿಯ ತಾಮ್ರವೂ ಗೆದ್ದಿವೆ. ಮಡಕೆಚೂರಿನ ಗೀಟನ್ನು ಸರ್ವಸಮ್ಮತವಾಗಿ ಓದಿದವರು ಇದುವರೆಗೂ ಇಲ್ಲ.