ಹದಿನೆಂಟು ತುಂಬಿದ ಮೇಲೆ

ಬೌದ್ಧಿಕ ವಿಕಲತೆಯುಳ್ಳ ಮಕ್ಕಳನ್ನು ಕರೆತರುವ ತಾಯ್ತಂದೆಯರು ಮೊದಮೊದಲು ನಮ್ಮಲ್ಲಿ ಕೇಳುವುದು ಔಷಧವನ್ನು. ಮಾತು ಬರುವುದೆ, ಮೂರ್ಛೆ ನಿಲ್ಲುವುದೆ, ಶಾಲೆಗೆ ಸೇರಿಸಬಹುದೆ ಎಂದು ವಿಚಾರಿಸುತ್ತಾರೆ. ಮಗನಿಗೆ ಮೀಸೆ ಮೂಡಿದ ಮೇಲೆ ಅವರ ಪ್ರಶ್ನೆ ಬೇರೆಯಾಗುತ್ತದೆ. ಮಾತೆಲ್ಲ ಮುಗಿಸಿ ಹೊರಡಲೆದ್ದವರು ಹೊಸ್ತಿಲ ಬಳಿ ನಿಂತು, ತಗ್ಗಿದ ದನಿಯಲ್ಲಿ, "ನಾವು ಹೋದಮೇಲೆ ಇವನ್ನ ನೋಡೋರು ಯಾರ್ರೀ?" ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ವ್ಯವಸ್ಥೆಯೊಂದು ನಮ್ಮ ನಾಡಿನಲ್ಲಿ ಇನ್ನೂ ರೂಪುಗೊಂಡಿಲ್ಲ.

ಕಾನೂನಿಲ್ಲವೆನ್ನುವಂತಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಕಲತೆಯುಳ್ಳವರಿಗಾಗಿಯೇ ರಚಿತವಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು 21 ಬಗೆಯ ವಿಕಲತೆಗಳನ್ನು ಗುರುತಿಸಿ, 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಕೊಟ್ಟಿತು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೂ ಶಾಲೆಗೂ ಬಂದು ಮಕ್ಕಳ ಬೆಳವಣಿಗೆಯನ್ನು ಪರೀಕ್ಷಿಸುತ್ತಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಂತಹ ಸಂಸ್ಥೆಗಳು ನಮ್ಮ ರಾಜ್ಯದಲ್ಲಿಯೇ ಇವೆ. ಬಾಲ್ಯದ ಮಟ್ಟಿಗೆ, ಸಾಲದಾದರೂ, ಹಿಡಿದು ನಡೆಯಲು ಒಂದು ದಾರಿಯಿದೆ.

ಆ ದಾರಿ ಹದಿನೆಂಟಕ್ಕೆ ಕಡಿದುಹೋಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಬೌದ್ಧಿಕ ವಿಕಲತೆಯ ಪ್ರಮಾಣಪತ್ರವನ್ನು ಬಾಲ್ಯದಲ್ಲಿ ಮತ್ತೆ ಮತ್ತೆ ನವೀಕರಿಸಬೇಕು. ಹದಿನೆಂಟರಲ್ಲಿ ಕೊಟ್ಟದ್ದು ಮಾತ್ರ ಜೀವನಪರ್ಯಂತ ಸಲ್ಲುತ್ತದೆ. ಇದು ಬದುಕಿರುವವರೆಗೂ ಇರತಕ್ಕ ಸ್ಥಿತಿಯೆಂದು ಸರ್ಕಾರವು ಬರೆದುಕೊಡುವ ವಯಸ್ಸಿನಲ್ಲಿಯೇ ಕಲಿಕೆಯ ಹಕ್ಕು ಕೊನೆಗೊಳ್ಳುತ್ತದೆ! ಕೆಲವು ವಿಶೇಷ ಶಾಲೆಗಳು ಕರುಣೆಯಿಂದ ಇನ್ನೆರಡು ವರ್ಷ ಇಟ್ಟುಕೊಂಡಾವು. ಬಳಿಕ ಉಳಿಯುವುದು ಮಾಸಾಶನ ಮತ್ತು ಮನೆಯ ಜಗುಲಿ. ಗುಂಡಿ ಹಾಕಿಕೊಳ್ಳುವುದನ್ನೂ ಹಣ ಎಣಿಸುವುದನ್ನೂ ಹತ್ತು ವರ್ಷ ಕಷ್ಟಪಟ್ಟು ಕಲಿತವನು ಅದನ್ನೆಲ್ಲ ಜಗುಲಿಯ ಮೇಲೆ ಕುಳಿತು ಮರೆಯುತ್ತಾನೆ.

ಆರೋಗ್ಯದ ವಿಷಯದಲ್ಲಂತೂ ಈ ವಯಸ್ಕರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಾತು ಬಾರದ ಯುವಕನೊಬ್ಬನನ್ನು ನಮ್ಮ ಬಳಿ ಕರೆತಂದಿದ್ದರು. ಎರಡು ತಿಂಗಳಿಂದ ಅವನು ಕೆನ್ನೆಗೆ ಹೊಡೆದುಕೊಳ್ಳುತ್ತಿದ್ದ, ತಟ್ಟೆ ಎಸೆಯುತ್ತಿದ್ದ, ರಾತ್ರಿಯೆಲ್ಲ ಕೂಗುತ್ತಿದ್ದ. ತಾಯಿತ ಕಟ್ಟಿಸಿ ಆಗಿತ್ತು. ನಿದ್ರೆಯ ಮಾತ್ರೆಯನ್ನು ಎರಡು ಬಾರಿ ಹೆಚ್ಚಿಸಿಯೂ ಆಗಿತ್ತು. ನಾವೂ ಮೂರನೆಯ ಬಾರಿ ಹೆಚ್ಚಿಸಲು ಲೇಖನಿ ತೆರೆದವರೇ. ಆಗ ಅವನ ಅಕ್ಕ, "ಅವನು ಬಲಗೆನ್ನೆಗೆ ಮಾತ್ರ ಹೊಡ್ಕೋತಾನ್ರೀ" ಎಂದಳು. ಬಾಯಿ ತೆರೆಸಿ ನೋಡಿದರೆ ದವಡೆಯ ಹಲ್ಲು ಕೊಳೆತು ಕೀವಾಗಿತ್ತು. ಹಲ್ಲು ಕೀಳಿಸಿದ ವಾರದೊಳಗೆ ಅವನು ಎಂದಿನಂತೆ ರೊಟ್ಟಿ ತಿನ್ನುತ್ತಿದ್ದ. ಆ ಎರಡು ತಿಂಗಳೂ ಅವನು ಹಲ್ಲುನೋವನ್ನು ಹೇಳುತ್ತಲೇ ಇದ್ದ. ನಾವೆಲ್ಲರೂ ಅದನ್ನು ಬುದ್ಧಿಯ ದೋಷವೆಂದು ಓದಿಕೊಂಡಿದ್ದೆವು.

ಇಂತಹ ತಪ್ಪು ಅಪರೂಪದ್ದಲ್ಲ. ಡೌನ್ ಸಿಂಡ್ರೋಮ್ ಉಳ್ಳವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಥೈರಾಯ್ಡ್ ಕೊರತೆ, ಕಿವುಡು, ದೃಷ್ಟಿದೋಷಗಳು ವಯಸ್ಸಾದಂತೆ ಸೇರಿಕೊಳ್ಳುತ್ತವೆ. ಮಂಕಾಗಿ ಕುಳಿತವನಿಗೆ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ಥೈರಾಯ್ಡ್ ಮಾತ್ರೆಯಿಂದಲೇ ಚೇತರಿಸಿಕೊಳ್ಳುತ್ತಿದ್ದನೇನೋ! ಆದ್ದರಿಂದ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಇವರಿಗೆಂದೇ ಗೊತ್ತುಪಡಿಸಿದ ದಿನ, ಸರದಿಯ ಕಾಟವಿಲ್ಲದೆ, ವರ್ಷಕ್ಕೊಮ್ಮೆ ಹಲ್ಲು, ಕಣ್ಣು, ಕಿವಿ, ಹೃದಯ, ಥೈರಾಯ್ಡ್‌ಗಳ ತಪಾಸಣೆ ನಡೆಯಬೇಕು. ಇದಕ್ಕೆ ಹೊಸ ಕಟ್ಟಡ ಬೇಡ. ನ್ಯಾಷನಲ್ ಟ್ರಸ್ಟಿನ 'ನಿರಾಮಯ' ವಿಮೆಯು ವೈದ್ಯಕೀಯ ಪೂರ್ವಪರೀಕ್ಷೆಯಿಲ್ಲದೆ 1 ಲಕ್ಷ ರೂಪಾಯಿವರೆಗಿನ ವೆಚ್ಚ ಭರಿಸುತ್ತದೆ. ಹೊರರೋಗಿ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಹೀಗೊಂದು ವಿಮೆಯಿದೆಯೆಂಬುದೇ ನಮ್ಮಲ್ಲಿಗೆ ಬರುವ ಅನೇಕ ಕುಟುಂಬಗಳಿಗೆ ತಿಳಿದಿರುವುದಿಲ್ಲ.

ತಿಳಿಸಬೇಕಾದವರು ಯಾರು? ಗ್ರಾಮ ಪಂಚಾಯಿತಿಗಳಲ್ಲಿ ಗೌರವಧನದ ಮೇಲೆ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಅರ್ಜಿ, ಕಾರ್ಡು, ಮಾಸಾಶನಗಳ ಓಡಾಟದಲ್ಲಿಯೇ ಅವರ ದಿನ ಕಳೆದುಹೋಗುತ್ತದೆ. ಸುಧಾರಣೆ ಇವರಿಂದಲೇ ಮೊದಲಾಗಬೇಕೆಂಬುದು ನಮ್ಮ ಅಭಿಮತ: ಬದುಕಲು ಸಾಲುವಷ್ಟು ವೇತನ, ಬೌದ್ಧಿಕ ವಿಕಲತೆಯ ಬಗೆಗೆ ತಕ್ಕ ತರಬೇತಿ, ತಿಂಗಳಿಗೊಮ್ಮೆ ಮನೆಭೇಟಿ. ಜೊತೆಗೆ ಹೋಬಳಿಗೊಂದು ಹಗಲುಕೇಂದ್ರ ಬೇಕು. ಹಗಲುಕೇಂದ್ರವಿದ್ದರೆ ತಾಯಿ ಹೊಲಕ್ಕೋ ಆಸ್ಪತ್ರೆಗೋ ನೆಂಟರ ಮದುವೆಗೋ ನಿಶ್ಚಿಂತೆಯಿಂದ ಹೋಗಿಬಂದಾಳು. ಮಗನಿಗೂ ಒಂದು ಕಾಯಕ ದೊರೆತೀತು. ಬತ್ತಿ ಹೊಸೆಯುವುದಾಗಲಿ, ಸಸಿಗೆ ನೀರೆರೆಯುವುದಾಗಲಿ, ಅದು ಅವನದೇ ಆಗಿರುತ್ತದೆ.

ದಾನಿಗಳಾದ ಕೆಲವು ಸದ್ಭಕ್ತರು ಇಂಥವರಿಗಾಗಿ ಊರಾಚೆ ಒಂದು ದೊಡ್ಡ ಆಶ್ರಮವನ್ನೇ ಕಟ್ಟಿಸಬಾರದೇಕೆ ಎಂದು ಕೇಳುವುದುಂಟು. ಅವರ ಔದಾರ್ಯಕ್ಕೆ ತಲೆಬಾಗಿಯೂ ನಾವು ಇದನ್ನು ಒಪ್ಪಲಾರೆವು. ನೂರಾರು ಮಂದಿಯನ್ನು ಒಂದೆಡೆ ಕೂಡಿಹಾಕಿದಲ್ಲಿ ಊಟ ಬಟ್ಟೆ ದೊರೆತೀತು, ಆದರೆ ಬಲಗೆನ್ನೆಯನ್ನು ಗಮನಿಸುವ ಅಕ್ಕ ಅಲ್ಲಿರುವುದಿಲ್ಲ. ತಾನು ಹುಟ್ಟಿದ ಊರಿನಲ್ಲಿಯೇ, ಹೆಸರು ಹಿಡಿದು ಕರೆಯುವ ನೆರೆಹೊರೆಯವರ ನಡುವೆ, ಐದಾರು ಮಂದಿ ವಾಸಿಸುವ ಸಣ್ಣ ಮನೆ ಸಾಕು. ದಾನದ ಹಣ ಅಂತಹ ಮನೆಗಳಿಗೆ ಹೋಗಲಿ.

ಇನ್ನು ಪೋಷಕತ್ವದ ಮಾತು. ಮಗನಿಗೆ ಹದಿನೆಂಟು ತುಂಬಿದೊಡನೆ ತಾಯ್ತಂದೆಯರು ಕಾನೂನಿನ ಕಣ್ಣಿನಲ್ಲಿ ತಾವಾಗಿಯೇ ಅವನ ಪೋಷಕರಾಗಿ ಉಳಿಯುವುದಿಲ್ಲ. ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪೋಷಕರನ್ನು ನೇಮಿಸಿಕೊಳ್ಳಬೇಕು. ತಂದೆ ತೀರಿಕೊಂಡು, ಹೊಲ ಪಾಲಾಗುವ ದಿನ ಬಂದಮೇಲೆ ಓಡಾಡುವುದಕ್ಕಿಂತ, ಇಬ್ಬರೂ ಗಟ್ಟಿಯಿರುವಾಗಲೇ ಇದನ್ನು ಮಾಡಿಸಿರಿ. 2016ರ ಕಾಯ್ದೆಯಾದರೋ ಒಂದು ಹೆಜ್ಜೆ ಮುಂದೆ ಹೋಗಿ, ಪೋಷಕರು ಅವನೊಡನೆ ಕೂಡಿಯೇ ನಿರ್ಧರಿಸಬೇಕೆಂಬ ಸೀಮಿತ ಪೋಷಕತ್ವವನ್ನು ಹೇಳುತ್ತದೆ. ಅವನಿಗೆ ಯಾವ ಬಣ್ಣದ ಅಂಗಿ ಬೇಕೆಂದೂ ಕೇಳಿ ಅಭ್ಯಾಸವಿಲ್ಲದ ನಮಗೆ ಇದು ಸುಲಭವಲ್ಲ.

ಸರ್ಕಾರದ ಕೆಲಸ ಆಗುವಾಗ ಆಗಲಿ, ಅದಕ್ಕಾಗಿ ಒತ್ತಾಯಿಸುತ್ತಲೇ ಇರೋಣ. ಅಷ್ಟರಲ್ಲಿ ಇಂತಹ ಮಗನೋ ಮಗಳೋ ಇರುವ ಮನೆಯವರು ಒಂದು ನೂರು ಪುಟದ ನೋಟುಬುಕ್ಕು ತಂದಿಟ್ಟುಕೊಳ್ಳಬೇಕೆಂದು ಕೋರುತ್ತೇವೆ. ಯಾವ ಮಾತ್ರೆ, ಯಾವ ಹೊತ್ತಿಗೆ, ಎಷ್ಟು. ಮೂರ್ಛೆ ಬರುವ ಮುನ್ನ ಮುಖ ಹೇಗಾಗುತ್ತದೆ. ಬಾಯಾರಿದರೆ ಯಾವ ಸನ್ನೆ ಮಾಡುತ್ತಾನೆ. ಯಾವ ಸದ್ದಿಗೆ ಹೆದರುತ್ತಾನೆ. ಯಾವ ತಟ್ಟೆಯಲ್ಲಿ ಬಡಿಸಿದರೆ ಉಣ್ಣುತ್ತಾನೆ. ರಾತ್ರಿ ಯಾವ ಹಾಡಿಗೆ ನಿದ್ರೆ ಹೋಗುತ್ತಾನೆ. ಇದೆಲ್ಲ ಈಗ ತಾಯಿಯೊಬ್ಬಳಿಗೇ ಗೊತ್ತು. ಅವಳಿಗೆ ಬರೆಯಲು ಬಾರದಿದ್ದರೆ ಅವಳು ಹೇಳಲಿ, ಮನೆಯ ಮಕ್ಕಳು ಬರೆದುಕೊಳ್ಳಲಿ.